ಸಂಗಾತಿ ತೀರಿಕೊಂಡ ಮೇಲೆ ತೆರಿಗೆ ರಿಟರ್ನ್: 'ಎರಡು ವರ್ಷದ ರಿಯಾಯಿತಿ' ನಿಜವೇ?

ಜೆ.ಪಿ. ನಗರದಲ್ಲಿ ನಮ್ಮ ಎದುರು ಸಾಲಿನ ಆಂಟಿಯೊಬ್ಬರು ಕೇಳಿದ ಪ್ರಶ್ನೆಯಿಂದ ಈ ಬರಹ ಹುಟ್ಟಿತು. ಅಂಕಲ್ ತೀರಿಕೊಂಡು ಆಗ ಐದಾರು ತಿಂಗಳಾಗಿತ್ತು. "ನೋಡಮ್ಮಾ, ಗಂಡ ಹೋದ ಮೇಲೆ ಎರಡು ವರ್ಷ ಇಬ್ಬರದ್ದೂ ಸೇರಿಸಿ ತೆರಿಗೆ ಫೈಲ್ ಮಾಡಬಹುದಂತೆ, ತುಂಬ ಉಳಿಯುತ್ತಂತೆ. ಮಗ ಇಂಟರ್ನೆಟ್‌ನಲ್ಲಿ ಓದಿ ಹೇಳಿದ. ಹೌದಾ?" ಎಂದರು. ಮಗ ಇರುವುದು ಅಮೆರಿಕದಲ್ಲಿ. ಅವರು ಓದಿದ್ದು ಸುಳ್ಳಲ್ಲ, ಆದರೆ ಅದು ಅಲ್ಲಿಯ ಕಾನೂನು.

ಅಮೆರಿಕದಲ್ಲಿ ಗಂಡ ಹೆಂಡತಿ ಒಂದೇ ಜಂಟಿ ರಿಟರ್ನ್ ಸಲ್ಲಿಸಬಹುದು. ಒಬ್ಬರು ತೀರಿಕೊಂಡ ವರ್ಷಕ್ಕೂ ಜಂಟಿ ರಿಟರ್ನ್ ಹಾಕಬಹುದು. ಅವಲಂಬಿತ ಮಗು ಇದ್ದು, ಮರುಮದುವೆಯಾಗದಿದ್ದರೆ ಮುಂದಿನ ಎರಡು ವರ್ಷ 'ಬದುಕುಳಿದ ಸಂಗಾತಿ' ಎಂಬ ವರ್ಗದಲ್ಲಿ ಜಂಟಿ ದರದ ಲಾಭವೇ ಸಿಗುತ್ತದೆ. ಗೂಗಲ್‌ನಲ್ಲಿ ಇಂಗ್ಲಿಷಿನಲ್ಲಿ ಹುಡುಕಿದರೆ ಮೊದಲು ಬರುವ ಪುಟಗಳು ಹೆಚ್ಚಾಗಿ ಇವೇ.

ಭಾರತದಲ್ಲಿ ಜಂಟಿ ರಿಟರ್ನ್ ಎಂಬುದೇ ಇಲ್ಲ. ಗಂಡನಿಗೆ ಒಂದು ಪ್ಯಾನ್, ಹೆಂಡತಿಗೆ ಒಂದು ಪ್ಯಾನ್, ಅವರವರ ಆದಾಯಕ್ಕೆ ಅವರವರ ರಿಟರ್ನ್. ವಿಧವೆಯರಿಗೆ ಬೇರೆ ಸ್ಲ್ಯಾಬ್ ಕೂಡ ಇಲ್ಲ. "ಹೆಂಗಸರಿಗೆ ಮಿತಿ ಜಾಸ್ತಿ ಅಲ್ವಾ?" ಎಂದು ಕೇಳುವವರು ಈಗಲೂ ಇದ್ದಾರೆ. ಅದು ಒಂದು ಕಾಲದಲ್ಲಿ ನಿಜವಾಗಿತ್ತು. 2011-12ರಲ್ಲಿ ಗಂಡಸರಿಗೆ 1.80 ಲಕ್ಷ, ಮಹಿಳೆಯರಿಗೆ 1.90 ಲಕ್ಷ ರೂಪಾಯಿವರೆಗೆ ತೆರಿಗೆ ಇರಲಿಲ್ಲ. ಮರುವರ್ಷ ಎಲ್ಲರಿಗೂ 2 ಲಕ್ಷ ಎಂದು ಮಾಡಿ ಆ ವ್ಯತ್ಯಾಸ ತೆಗೆದರು.

ಹಾಗಾದರೆ ಪರಿಹಾರ ಏನೂ ಇಲ್ಲವೇ? ಇದೆ, ಆದರೆ 'ವಿಧವಾ ರಿಯಾಯಿತಿ' ಎಂಬ ಹೆಸರಿನಲ್ಲಿ ಇಲ್ಲ. ಯಾವ ಹಣ ಸಾವಿನ ದಿನಕ್ಕೆ ಮೊದಲಿನದು, ಯಾವುದು ನಂತರದ್ದು, ಯಾವುದನ್ನು ಏನೆಂದು ಕರೆಯುತ್ತೀರಿ ಎಂಬುದರಲ್ಲಿ ಅದು ಅಡಗಿದೆ. ಮುಂದೆ ಹೇಳುವುದು 2025-26ರ ಆದಾಯಕ್ಕೆ, ಅಂದರೆ 1961ರ ಆದಾಯ ತೆರಿಗೆ ಕಾಯ್ದೆಗೆ ಸೇರಿದ್ದು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದಿದೆ, ಅದರಲ್ಲಿ ಸೆಕ್ಷನ್ ಸಂಖ್ಯೆಗಳು ಬೇರೆ. ಮತ್ತೊಂದು ಮಾತು: ಗಂಡ ತೀರಿಕೊಂಡ ಉದಾಹರಣೆಯನ್ನೇ ಹಿಡಿದಿದ್ದೇನೆ. ಹೆಂಡತಿ ತೀರಿಕೊಂಡರೂ ನಿಯಮ ಇದೇ.

ಒಂದು ವರ್ಷ, ಎರಡು ರಿಟರ್ನ್

ಏಪ್ರಿಲ್ 1ರಿಂದ ತೀರಿಕೊಂಡ ದಿನದವರೆಗೆ ಬಂದ ಆದಾಯ ಅವರದ್ದು. ಅದಕ್ಕೆ ಅವರ ಪ್ಯಾನ್‌ನಲ್ಲೇ ರಿಟರ್ನ್. ಕಾಯ್ದೆಯ 159ನೇ ಸೆಕ್ಷನ್ ಪ್ರಕಾರ ಅದನ್ನು ಸಲ್ಲಿಸುವ ಹೊಣೆ ಕಾನೂನುಬದ್ಧ ವಾರಸುದಾರರದ್ದು. ಮರುದಿನದಿಂದ ಅದೇ ಎಫ್‌ಡಿ, ಅದೇ ಬಾಡಿಗೆ ಮನೆಯಿಂದ ಬರುವ ಹಣ ವಾರಸುದಾರರ ಆದಾಯ. ಅದು ಅವರವರ ಪ್ಯಾನ್‌ಗೆ ಹೋಗಬೇಕು.

ಒಂದು ಲೆಕ್ಕ ಹಾಕಿ ನೋಡೋಣ. ಬನಶಂಕರಿ ಎರಡನೇ ಹಂತದಲ್ಲಿ ಸ್ವಂತ ಮನೆ, ಮಹಡಿ ಮೇಲೆ ಬಾಡಿಗೆದಾರರು. ಗಂಡ ನಿವೃತ್ತ ಸರ್ಕಾರಿ ನೌಕರ, 2025ರ ಸೆಪ್ಟೆಂಬರ್ 30ರಂದು ತೀರಿಕೊಂಡರು ಎಂದುಕೊಳ್ಳಿ. ತಿಂಗಳಿಗೆ 45,000 ಪೆನ್ಷನ್, ಆರು ತಿಂಗಳಿಗೆ 2,70,000. ಬಾಡಿಗೆ 20,000ದಂತೆ 1,20,000. ಎಫ್‌ಡಿ ಬಡ್ಡಿ ಅಲ್ಲಿಯವರೆಗೆ 60,000, ಅದರಲ್ಲಿ ಬ್ಯಾಂಕ್ ಕಡಿದ ಟಿಡಿಎಸ್ 6,000.

ಹೊಸ ತೆರಿಗೆ ಪದ್ಧತಿಯಲ್ಲಿ ಪೆನ್ಷನ್‌ನಿಂದ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಉಳಿಯುವುದು 1,95,000. ಬಾಡಿಗೆಯಲ್ಲಿ ಶೇ. 30 ಕಳೆದರೆ 84,000. ಬಡ್ಡಿ 60,000. ಒಟ್ಟು 3,39,000. ನಾಲ್ಕು ಲಕ್ಷದವರೆಗೆ ತೆರಿಗೆಯೇ ಇಲ್ಲ, ಹಾಗಾಗಿ ಸೊನ್ನೆ.

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಆರು ತಿಂಗಳಷ್ಟೇ ಬದುಕಿದ್ದರು, ಆದ್ದರಿಂದ ಮಿತಿಯೂ ಅರ್ಧ ಎಂದುಕೊಳ್ಳುತ್ತಾರೆ. ಹಾಗಿಲ್ಲ. ನಾಲ್ಕು ಲಕ್ಷದ ಮಿತಿ, 75,000ದ ಕಡಿತ ಎರಡೂ ಪೂರ್ತಿ ಸಿಗುತ್ತವೆ. ಏಪ್ರಿಲ್‌ನಲ್ಲೇ ತೀರಿಕೊಂಡರೂ ಅಷ್ಟೇ. ಅಂದರೆ ಅದೇ ವರ್ಷ, ಅದೇ ಮನೆಯ ಆದಾಯಕ್ಕೆ ಎರಡು ಪೂರ್ಣ ಮಿತಿಗಳು, ಒಂದು ಅವರದ್ದು, ಒಂದು ಇವರದ್ದು. ನಮ್ಮ ಕಾನೂನಿನಲ್ಲಿ ನಿಜವಾದ ಪರಿಹಾರ ಎಂದು ಕರೆಯಬಹುದಾದದ್ದು ಇದು.

ಆದಾಯ ಮಿತಿಯೊಳಗಿದ್ದರೆ ರಿಟರ್ನ್ ಕಡ್ಡಾಯವೇನಲ್ಲ. ಆದರೆ ಕಡಿದಿರುವ ಆ 6,000 ವಾಪಸ್ ಬರಬೇಕಾದರೆ ರಿಟರ್ನ್ ಹಾಕದೆ ಬೇರೆ ದಾರಿ ಇಲ್ಲ. ದಕ್ಷಿಣ ಬೆಂಗಳೂರಿನ ಇಂಥ ಎಷ್ಟೋ ಮನೆಗಳಲ್ಲಿ ಪ್ರಶ್ನೆ ಎಷ್ಟು ತೆರಿಗೆ ಕಟ್ಟಬೇಕು ಎಂಬುದಲ್ಲ, ಎಷ್ಟು ಹಣ ಕೇಳದೇ ಬಿಟ್ಟೆವು ಎಂಬುದು.

ತೀರಿಕೊಂಡದ್ದು ಏಪ್ರಿಲ್‌ನಿಂದ ಜುಲೈ ಮಧ್ಯೆಯಾಗಿದ್ದರೆ ಇನ್ನೊಂದು ವಿಷಯ ನೆನಪಿಡಬೇಕು. ಆಗ ಹಿಂದಿನ ಇಡೀ ವರ್ಷದ ರಿಟರ್ನ್ ಅವರು ಇನ್ನೂ ಹಾಕಿರುವುದಿಲ್ಲ. ಅದನ್ನೂ ವಾರಸುದಾರರೇ ಹಾಕಬೇಕು, ಏಪ್ರಿಲ್‌ನಿಂದ ಆಚೆಗಿನ ಕೆಲವೇ ದಿನಗಳ ಆದಾಯಕ್ಕೆ ಮುಂದಿನ ವರ್ಷ ಇನ್ನೊಂದು.

ಪೆನ್ಷನ್ ಬೇರೆ, ಫ್ಯಾಮಿಲಿ ಪೆನ್ಷನ್ ಬೇರೆ

ಈಗ ಹೆಂಡತಿಯ ಲೆಕ್ಕ. ಗಂಡನ ಪೆನ್ಷನ್ ನಿಂತು ಫ್ಯಾಮಿಲಿ ಪೆನ್ಷನ್ ಶುರುವಾಗುತ್ತದೆ. ಎರಡೂ ಅದೇ ಖಜಾನೆಯಿಂದ, ಅದೇ ಬ್ಯಾಂಕಿಗೆ ಬರುವುದರಿಂದ ರಿಟರ್ನ್‌ನಲ್ಲಿ ಎರಡನ್ನೂ ಸಂಬಳದ ಕಾಲಂನಲ್ಲೇ ತುಂಬಿ 75,000 ಕಳೆದುಬಿಡುವುದು ಸಾಮಾನ್ಯ ತಪ್ಪು. ತಾನೇ ದುಡಿದು ಪಡೆದ ಪೆನ್ಷನ್ ಕಾನೂನಿನ ಕಣ್ಣಿಗೆ ಸಂಬಳ. ಫ್ಯಾಮಿಲಿ ಪೆನ್ಷನ್ ಸಂಬಳವಲ್ಲ, 'ಇತರ ಮೂಲಗಳ ಆದಾಯ'. ಅದಕ್ಕೆ ಸಿಗುವ ಕಡಿತ ಬೇರೆ: ಮೂರನೇ ಒಂದು ಭಾಗ ಅಥವಾ 25,000 ರೂಪಾಯಿ, ಯಾವುದು ಕಡಿಮೆಯೋ ಅದು. ಹಳೆಯ ಪದ್ಧತಿಯಲ್ಲಾದರೆ 25,000ದ ಬದಲು 15,000. ಕರ್ತವ್ಯದಲ್ಲಿ, ಕಾರ್ಯಾಚರಣೆಯಲ್ಲಿ ಮಡಿದ ಸೇನಾ ಸಿಬ್ಬಂದಿಯ ಕುಟುಂಬಕ್ಕೆ ಬರುವ ಫ್ಯಾಮಿಲಿ ಪೆನ್ಷನ್‌ಗೆ ಪೂರ್ತಿ ವಿನಾಯಿತಿ ಇದೆ.

ನಮ್ಮ ಉದಾಹರಣೆಯಲ್ಲಿ ತಿಂಗಳಿಗೆ 27,000ದಂತೆ ಆರು ತಿಂಗಳಿಗೆ 1,62,000 ಬಂದರೆ, 25,000 ಕಳೆದು 1,37,000. ಮನೆ ಉಯಿಲಿನ ಮೂಲಕ ಅವರಿಗೇ ಬಂದಿದ್ದರೆ ಬಾಡಿಗೆಯ 84,000, ಎಫ್‌ಡಿ ಬಡ್ಡಿ 60,000 ಸೇರಿ 2,81,000. ಬೇರೆ ಆದಾಯ ಇಲ್ಲದಿದ್ದರೆ ತೆರಿಗೆ ಇಲ್ಲ. ಅವರೂ ನಿವೃತ್ತ ಶಿಕ್ಷಕಿಯಾಗಿದ್ದು ವರ್ಷಕ್ಕೆ 4,80,000 ಸ್ವಂತ ಪೆನ್ಷನ್ ಇದ್ದರೆ? ಅದರಿಂದ 75,000 ಕಳೆಯಬಹುದು, ಅದು ಅವರ ಸಂಬಳದ ಪೆನ್ಷನ್ ತಾನೆ. ಒಟ್ಟು 6,86,000 ಆಗುತ್ತದೆ. ಸ್ಲ್ಯಾಬ್ ಪ್ರಕಾರ 14,300 ತೆರಿಗೆ ಬಂದರೂ, ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ 87ಎ ರಿಬೇಟ್ ಇರುವುದರಿಂದ ಅದೂ ಸೊನ್ನೆ. ಆದರೆ ಆದಾಯ 4 ಲಕ್ಷ ದಾಟಿರುವುದರಿಂದ ರಿಟರ್ನ್ ಹಾಕಲೇಬೇಕು. ತೆರಿಗೆ ಇಲ್ಲ ಎಂದರೆ ರಿಟರ್ನ್ ಬೇಡ ಎಂದರ್ಥವಲ್ಲ.

ಒಟ್ಟಿಗೆ ಬರುವ ದೊಡ್ಡ ಮೊತ್ತಗಳು

ಸರ್ವಿಸ್‌ನಲ್ಲಿರುವಾಗಲೇ ತೀರಿಕೊಂಡರೆ ಕೆಲವು ತಿಂಗಳಲ್ಲಿ ಖಾತೆಗೆ ದೊಡ್ಡ ಮೊತ್ತಗಳು ಬರುತ್ತವೆ. ಬಿಟಿಎಂ ಲೇಔಟ್‌ನಂಥ ಕಡೆ ಐಟಿ ಕಂಪನಿಗಳ ಯುವ ಕುಟುಂಬಗಳು ಹೆಚ್ಚು. ಅಲ್ಲಿ ಈ ಗಾಬರಿ ನಿಜವಾದದ್ದು: "ಇಷ್ಟೆಲ್ಲಕ್ಕೂ ಶೇ. 30 ಹೋಗುತ್ತದಾ?"

ಹೋಗುವುದಿಲ್ಲ. ಜೀವ ವಿಮೆಯ ಹಣ ಸಾವಿನ ಕಾರಣ ಬಂದಿದ್ದರೆ 10(10ಡಿ) ಅಡಿ ಪೂರ್ತಿ ವಿನಾಯಿತಿ. ಪಾಲಿಸಿ ಅವಧಿ ಮುಗಿದು ಬರುವ ಹಣಕ್ಕೆ ಇರುವ ಪ್ರೀಮಿಯಂ ಮಿತಿಯ ಷರತ್ತುಗಳು ಸಾವಿನ ಕ್ಲೈಮ್‌ಗೆ ಅನ್ವಯಿಸುವುದಿಲ್ಲ. ಕಂಪನಿ ತನ್ನ ಲಾಭಕ್ಕಾಗಿ ಮಾಡಿಸಿದ ಕೀಮ್ಯಾನ್ ಪಾಲಿಸಿ ಮಾತ್ರ ಇದಕ್ಕೆ ಹೊರತು. ಕೆಲಸದಲ್ಲಿದ್ದಾಗ ತೀರಿಕೊಂಡ ನೌಕರನ ಹೆಂಡತಿಗೆ ಅಥವಾ ವಾರಸುದಾರರಿಗೆ ಸಂಸ್ಥೆ ಕರುಣೆಯಿಂದ ಒಮ್ಮೆಗೇ ಕೊಡುವ ಹಣ ಆದಾಯವಲ್ಲ ಎಂದು ಕೇಂದ್ರ ನೇರ ತೆರಿಗೆ ಮಂಡಳಿ 1990ರ ಆಗಸ್ಟ್ 21ರಂದೇ 573ನೇ ಸುತ್ತೋಲೆಯಲ್ಲಿ ಹೇಳಿದೆ. ಮೂವತ್ತೈದು ವರ್ಷ ಹಳೆಯ ಈ ಒಂದು ಪುಟದ ಸುತ್ತೋಲೆ ಎಚ್‌ಆರ್ ವಿಭಾಗಗಳಿಗೆ ಗೊತ್ತಿಲ್ಲದಿರುವುದೂ ಉಂಟು. ಸಂಖ್ಯೆ ಬರೆದಿಟ್ಟುಕೊಳ್ಳಿ. ವಾರಸುದಾರರಿಗೆ ಕೊಡುವ ರಜೆ ನಗದೀಕರಣದ ಹಣವೂ ಸಂಬಳವಾಗಿ ತೆರಿಗೆಗೆ ಒಳಪಡುವುದಿಲ್ಲ.

ಗ್ರಾಚ್ಯುಟಿಗೆ ಐದು ವರ್ಷ ಸೇವೆ ಆಗಿರಬೇಕು ಎಂಬುದು ರಾಜೀನಾಮೆ ಕೊಟ್ಟವರಿಗೆ. ಸಾವಿನ ಸಂದರ್ಭದಲ್ಲಿ ಆ ಷರತ್ತು ಇಲ್ಲ. ಪಿಎಫ್ ಜೊತೆಗೆ ಇಡಿಎಲ್‌ಐ ಎಂಬ ವಿಮೆಯೂ ಇರುತ್ತದೆ, ಗರಿಷ್ಠ 7 ಲಕ್ಷ ರೂಪಾಯಿ. ಕೇಳದಿದ್ದರೆ ತಾನಾಗಿ ಬರುವುದಿಲ್ಲ. ಎನ್‌ಪಿಎಸ್‌ನಲ್ಲಿ ಸದಸ್ಯ ತೀರಿಕೊಂಡಾಗ ನಾಮಿನಿಗೆ ಬರುವ ಮೊತ್ತಕ್ಕೂ ತೆರಿಗೆ ಇಲ್ಲ. ಆದರೆ ಕೊನೆಯ ತಿಂಗಳ ಸಂಬಳ, ಬಾಕಿ ಬೋನಸ್ ಇಂಥವು ಅವರು ಬದುಕಿದ್ದಾಗ ದುಡಿದ ಹಣ. ಸಾವಿನ ನಂತರ ಬಂದರೂ ಅವು ಅವರ ರಿಟರ್ನ್‌ಗೆ ಸೇರುತ್ತವೆ.

ಈ ಯಾವುದಕ್ಕೂ ತೆರಿಗೆ ಇಲ್ಲದಿದ್ದರೂ ಅದನ್ನು ಎಫ್‌ಡಿಯಲ್ಲಿಟ್ಟು ಬಂದ ಬಡ್ಡಿಗೆ ಇದೆ. ಮೊದಲ ವರ್ಷದ ಲೆಕ್ಕದಲ್ಲಿ ಸೊನ್ನೆ ನೋಡಿದವರಿಗೆ ಮರುವರ್ಷ ಆಶ್ಚರ್ಯ ಕಾದಿರುತ್ತದೆ.

'ಆಸ್ತಿ ಬಂದರೆ ಸರ್ಕಾರಕ್ಕೆ ಪಾಲು' ಎಂಬ ಭಯ

ಭಾರತದಲ್ಲಿ ಈಗ ಪಿತ್ರಾರ್ಜಿತಕ್ಕಾಗಲಿ ಉಯಿಲಿನಿಂದ ಬಂದದ್ದಕ್ಕಾಗಲಿ ತೆರಿಗೆ ಇಲ್ಲ. 1953ರ ಎಸ್ಟೇಟ್ ಡ್ಯೂಟಿ ಕಾಯ್ದೆ ಇತ್ತು, ಅದನ್ನು 1985ರ ಮಾರ್ಚ್‌ನಲ್ಲಿ ನಿಲ್ಲಿಸಿದರು. ಹಿರಿಯರ ಮಾತಿನಲ್ಲಿ ಅದರ ನೆನಪು ಇನ್ನೂ ಉಳಿದಿದೆ. ಜಯನಗರದ ಮನೆ ಇವತ್ತು ಎಷ್ಟು ಕೋಟಿ ಬಾಳಿದರೂ, ಅದು ಹೆಂಡತಿಗೆ ಬಂದ ದಿನ ಆದಾಯ ತೆರಿಗೆ ಏನೂ ಇಲ್ಲ.

ಮಾರಿದ ದಿನ ಇದೆ. ಆಗ ಕೊಂಡ ಬೆಲೆ ಎಂದರೆ ಗಂಡ ಕೊಂಡ ಬೆಲೆ, ಹಿಡಿದಿಟ್ಟ ಅವಧಿ ಎಂದರೆ ಗಂಡ ಕೊಂಡ ದಿನದಿಂದ. ಎಂಬತ್ತರ ದಶಕದಲ್ಲಿ ಬಿಡಿಎ ಸೈಟು ಸಿಕ್ಕಿದ್ದರೆ ಆಗಿನ ಬೆಲೆಯ ಬದಲು 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆ ಹಿಡಿಯಬಹುದು, ಅಂದಿನ ಮುದ್ರಾಂಕ ಮೌಲ್ಯ ಮೀರದಂತೆ. 2024ರ ಜುಲೈ 23ಕ್ಕೆ ಮೊದಲೇ ಕೊಂಡ ಆಸ್ತಿಗೆ ಇಂಡೆಕ್ಸೇಶನ್ ಇಲ್ಲದೆ ಶೇ. 12.5 ಅಥವಾ ಇಂಡೆಕ್ಸೇಶನ್ ಸಹಿತ ಶೇ. 20, ಯಾವುದು ಕಡಿಮೆಯೋ ಅದನ್ನು ಭಾರತದಲ್ಲೇ ನೆಲೆಸಿರುವವರು ಆಯ್ದುಕೊಳ್ಳಬಹುದು. ಅಮೆರಿಕದ ಮಗನ ಪಾಲಿಗೆ ಈ ಆಯ್ಕೆ ಇಲ್ಲ.

ಪಾಲು ಎಂದೆ. ಇಲ್ಲಿಯೇ ದೊಡ್ಡ ತಪ್ಪುಕಲ್ಪನೆ ಇರುವುದು. ಉಯಿಲು ಇಲ್ಲದೆ ತೀರಿಕೊಂಡರೆ ಗಂಡನ ಸ್ವಯಾರ್ಜಿತ ಎಲ್ಲವೂ ಹೆಂಡತಿಗೆ ಎಂದು ನಾವು ಅಂದುಕೊಂಡಿರುತ್ತೇವೆ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿ, ಮಕ್ಕಳು ಮತ್ತು ತೀರಿಕೊಂಡವರ ತಾಯಿ ಬದುಕಿದ್ದರೆ ಅವರೂ ಸಮಾನ ವಾರಸುದಾರರು. ಅತ್ತೆ, ಸೊಸೆ, ಇಬ್ಬರು ಮಕ್ಕಳಿದ್ದರೆ ನಾಲ್ಕು ಸಮಪಾಲು. ಆಗ ಮೇಲಿನ ಉದಾಹರಣೆಯ 84,000 ಬಾಡಿಗೆ ಆದಾಯ ತಲಾ 21,000 ಆಗಿ ಒಡೆಯುತ್ತದೆ. ಮಕ್ಕಳು ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಕೊಟ್ಟರೆ ಅವರ ಪಾಲು ತಾಯಿಗೆ ಸೇರುತ್ತದೆ. "ಅಮ್ಮನೇ ತಗೊಳ್ಳಲಿ ಬಿಡು" ಎಂಬ ಬಾಯಿಮಾತು ತೆರಿಗೆಯ ಲೆಕ್ಕ ಬದಲಿಸುವುದಿಲ್ಲ. ಕ್ರೈಸ್ತರಲ್ಲಿ ಮಕ್ಕಳಿದ್ದರೆ ವಿಧವೆಗೆ ಮೂರನೇ ಒಂದು ಪಾಲು, ಮುಸ್ಲಿಮರಲ್ಲಿ ಎಂಟನೇ ಒಂದು.

ನಾಮಿನಿ ಆಗಿದ್ದರೆ ಸಾಕು ಎಂಬುದೂ ಸರಿಯಲ್ಲ. ಷೇರುಗಳ ವಿಷಯದಲ್ಲಿ 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಸ್ಪಷ್ಟಪಡಿಸಿತು: ನಾಮಿನಿ ಹಣ ಪಡೆದುಕೊಳ್ಳುವವರು, ಒಡೆಯರು ವಾರಸುದಾರರು. ಜೀವ ವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ನಂತರ ನಾಮಿನಿಯಾದ ಸಂಗಾತಿ, ಮಕ್ಕಳು, ಅಪ್ಪ-ಅಮ್ಮ ತಾವೇ ಹಕ್ಕುದಾರರು.

ಕಡಿಮೆ ಮಂದಿಗೆ ಗೊತ್ತಿರುವ ಒಂದು ಅನುಕೂಲವೂ ಇದೆ. ಗಂಡ ಹೆಂಡತಿಗೆ ಕೊಟ್ಟ ಹಣದಿಂದ ಬರುವ ಬಡ್ಡಿಯನ್ನು ಗಂಡ ಬದುಕಿರುವವರೆಗೆ ಅವರ ಆದಾಯಕ್ಕೇ ಸೇರಿಸಬೇಕು, ಇದನ್ನು ಕ್ಲಬ್ಬಿಂಗ್ ಎನ್ನುತ್ತಾರೆ. ಸಾವಿನೊಂದಿಗೆ ಅದು ನಿಲ್ಲುತ್ತದೆ. ಅಲ್ಲಿಂದ ಆ ಬಡ್ಡಿ ಹೆಂಡತಿಯದ್ದೇ.

ಕಾಗದ ಪತ್ರ ಮತ್ತು ಪೋರ್ಟಲ್

ಗಂಡನ ಪಾಸ್‌ವರ್ಡ್ ಗೊತ್ತಿದೆ, ಅವರ ಮೊಬೈಲಿಗೇ ಒಟಿಪಿ ಬರುತ್ತದೆ, ಅವರ ಲಾಗಿನ್‌ನಲ್ಲೇ ಹಾಕಿಬಿಟ್ಟರಾಯಿತು ಎಂದು ಕೆಲವರು ಮಾಡುತ್ತಾರೆ. ತೀರಿಕೊಂಡವರು ತಾವೇ ದೃಢೀಕರಿಸಿದಂತೆ ತೋರುವ ರಿಟರ್ನ್ ಅದು. ಮಾಡಬೇಡಿ.

ಸರಿಯಾದ ಕ್ರಮ ಹೀಗೆ. ನಿಮ್ಮ ಪ್ಯಾನ್‌ನಿಂದ ಇ-ಫೈಲಿಂಗ್ ಪೋರ್ಟಲ್‌ಗೆ ಲಾಗಿನ್ ಆಗಿ, 'ಆಥರೈಸ್ಡ್ ಪಾರ್ಟ್‌ನರ್ಸ್' ಅಡಿಯಲ್ಲಿ 'ರಿಜಿಸ್ಟರ್ ಆಸ್ ರೆಪ್ರೆಸೆಂಟೇಟಿವ್ ಅಸೆಸಿ' ಆರಿಸಿ, ತೀರಿಕೊಂಡವರ ವಾರಸುದಾರ ಎಂದು ನೋಂದಾಯಿಸಿ. ಅವರ ಪ್ಯಾನ್ ಪ್ರತಿ, ಮರಣ ಪ್ರಮಾಣ ಪತ್ರ, ವಾರಸುದಾರಿಕೆಯ ಪುರಾವೆ ಅಪ್‌ಲೋಡ್ ಮಾಡಬೇಕು. ಇಲಾಖೆ ಒಪ್ಪಿದ ಮೇಲೆ ನಿಮ್ಮ ಲಾಗಿನ್‌ನಿಂದಲೇ ಅವರ ಖಾತೆಗೆ ಬದಲಾಗಿ, ಅವರ ಎಐಎಸ್ ಮತ್ತು 26ಎಎಸ್ ನೋಡಿ, ರಿಟರ್ನ್ ಹಾಕಬಹುದು. ಹೀಗೆ ಹಾಕಿದ ರಿಟರ್ನ್‌ಗಳನ್ನು ಸಂಸ್ಕರಿಸುವ ಸಿಪಿಸಿ ಇರುವುದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಇಡೀ ದೇಶದ ರಿಟರ್ನ್‌ಗಳು ಬರುವುದು ನಮ್ಮ ಹೊಸೂರು ರಸ್ತೆಗೆ.

ಪುರಾವೆ ಎಂದ ಕೂಡಲೇ ಕೋರ್ಟಿಗೆ ಹೋಗಬೇಕೆಂದು ಹೆದರಬೇಡಿ. ಕೋರ್ಟಿನ ಪ್ರಮಾಣ ಪತ್ರವೂ ನಡೆಯುತ್ತದೆ, ಆದರೆ ನಾಡಕಚೇರಿಯಲ್ಲಿ ಸಿಗುವ ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರ ಕೂಡ ಸಾಕು. ನೋಂದಾಯಿತ ಉಯಿಲು, ಸರ್ಕಾರದ ಫ್ಯಾಮಿಲಿ ಪೆನ್ಷನ್ ಪ್ರಮಾಣ ಪತ್ರ, ಅಥವಾ ನೀವು ನಾಮಿನಿ ಇಲ್ಲವೇ ಜಂಟಿ ಖಾತೆದಾರರು ಎಂದು ಬ್ಯಾಂಕ್ ತನ್ನ ಲೆಟರ್‌ಹೆಡ್‌ನಲ್ಲಿ ಸೀಲು, ಸಹಿ ಹಾಕಿ ಕೊಟ್ಟ ಪತ್ರವೂ ಆಗುತ್ತದೆ. ಪೆನ್ಷನ್ ಮನೆಗಳಿಗೆ ಈ ಕೊನೆಯ ಎರಡು ಅತಿ ಸುಲಭ. ಇವೆಲ್ಲ ತೆರಿಗೆ ಇಲಾಖೆಗೆ ಸಾಕಾದರೂ, ಆಸ್ತಿಯ ಖಾತಾ ಬದಲಾವಣೆಗೆ ಕೇಳುವ ದಾಖಲೆಗಳೇ ಬೇರೆ. ಮರಣವನ್ನು 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ಪ್ರಮಾಣ ಪತ್ರದ ಹತ್ತು ಪ್ರತಿಗಳನ್ನಾದರೂ ಒಟ್ಟಿಗೇ ತೆಗೆಸಿಡಿ, ಎಲ್ಲರೂ ಒಂದೊಂದು ಕೇಳುತ್ತಾರೆ.

ಬ್ಯಾಂಕಿಗೆ ಆದಷ್ಟು ಬೇಗ ತಿಳಿಸಿ. ತಡ ಮಾಡಿದರೆ ಎಫ್‌ಡಿ ಬಡ್ಡಿ, ಟಿಡಿಎಸ್ ಎರಡೂ ತೀರಿಕೊಂಡವರ ಪ್ಯಾನ್‌ನಲ್ಲೇ ದಾಖಲಾಗುತ್ತಾ ಹೋಗುತ್ತವೆ. ನಮ್ಮ ಆಂಟಿಗೆ ಆದದ್ದು ಇದೇ. ಶಾಖೆಯಲ್ಲಿ "ಎಫ್‌ಡಿ ಮುಗಿಯೋವರೆಗೆ ಹಾಗೇ ಇರಲಿ ಮೇಡಂ" ಎಂದರಂತೆ. ಆ ಆರು ತಿಂಗಳ ಟಿಡಿಎಸ್ ಅಂಕಲ್ ಲೆಕ್ಕದಲ್ಲಿ ಕೂತಿದೆ, ಆದರೆ ಆದಾಯ ಆಂಟಿಯದ್ದು. ಇದಕ್ಕೆ 37ಬಿಎ ನಿಯಮ ಇದೆ: ಆದಾಯ ಯಾರದ್ದೋ ಅವರ ಪ್ಯಾನ್‌ಗೆ ಟಿಡಿಎಸ್ ತೋರಿಸಿ ಎಂದು ಬ್ಯಾಂಕಿಗೆ ಲಿಖಿತ ಘೋಷಣೆ ಕೊಡಬೇಕು. ರಿಟರ್ನ್‌ನ ಟಿಡಿಎಸ್ ಪಟ್ಟಿಯಲ್ಲೂ 'ಬೇರೆಯವರ ಪ್ಯಾನ್‌ನಲ್ಲಿ ಕಡಿದದ್ದು' ಎಂದು ತೋರಿಸುವ ಜಾಗ ಇದೆ. ಟಿಡಿಎಸ್ ಕಡಿಯಬೇಡಿ ಎಂದು ಗಂಡ ಕೊಟ್ಟಿದ್ದ 15ಎಚ್ ಅವರೊಂದಿಗೇ ಮುಗಿಯಿತು, ನೀವು ನಿಮ್ಮ ಹೆಸರಿನಲ್ಲಿ ಹೊಸದಾಗಿ ಕೊಡಬೇಕು. ಅವರ ಹೆಸರಿಗೆ ರಿಫಂಡ್ ಬರುವುದಿದ್ದರೆ ಜಂಟಿ ಖಾತೆಯನ್ನು ಆತುರದಲ್ಲಿ ಮುಚ್ಚಬೇಡಿ.

ಅವರ ಬಾಕಿ ಯಾರು ಕಟ್ಟಬೇಕು?

ಗಂಡನ ಹಳೆಯ ತೆರಿಗೆ ಬಾಕಿ ಇದ್ದರೆ ವಾರಸುದಾರರ ಮೇಲೆ ಬರುತ್ತದೆ, ಆದರೆ ಅವರು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಮಾತ್ರ. ನಿಮ್ಮ ಸ್ವಂತ ದುಡಿಮೆ, ನಿಮ್ಮ ಒಡವೆ ಮುಟ್ಟುವಂತಿಲ್ಲ. ಒಂದು ಎಚ್ಚರಿಕೆ: ಬಾಕಿ ತೀರುವ ಮೊದಲೇ ಅವರ ಆಸ್ತಿ ಮಾರಿದರೆ ಅಥವಾ ಅಡವಿಟ್ಟರೆ ಅಷ್ಟು ಮೌಲ್ಯಕ್ಕೆ ನೀವೇ ವೈಯಕ್ತಿಕವಾಗಿ ಹೊಣೆ. ಸೈಟು ಮಾರುವ ಮುಂಚೆ ಪೋರ್ಟಲ್‌ನಲ್ಲಿ ಅವರ ಹೆಸರಿಗೆ ಡಿಮ್ಯಾಂಡ್ ಇದೆಯೇ ನೋಡಿ. ತೀರಿಕೊಂಡವರ ಹೆಸರಿಗೇ ನೋಟಿಸ್ ಬಂದರೆ ಅದು ಊರ್ಜಿತವಲ್ಲ ಎಂದು ದೆಹಲಿ ಹೈಕೋರ್ಟ್ 2020ರಲ್ಲಿ ಹೇಳಿದೆ. ಆದರೂ ಸುಮ್ಮನೆ ಕೂರುವುದಕ್ಕಿಂತ ಮರಣ ಪ್ರಮಾಣ ಪತ್ರ ಲಗತ್ತಿಸಿ ಉತ್ತರಿಸುವುದು ಒಳ್ಳೆಯದು.

ಸಂಬಳ, ಪೆನ್ಷನ್ ಮನೆಗಳಿಗೆ ಸಾಮಾನ್ಯ ಗಡುವು ಜುಲೈ 31. ದುಃಖದಲ್ಲಿದ್ದೀರಿ ಎಂದು ಕಾನೂನು ತಾನಾಗಿ ಗಡುವು ಮುಂದೂಡುವುದಿಲ್ಲ. ತಪ್ಪಿದರೆ ಡಿಸೆಂಬರ್ 31ರವರೆಗೆ ವಿಳಂಬ ರಿಟರ್ನ್ ಹಾಕಬಹುದು. ರಿಟರ್ನ್ ಕಡ್ಡಾಯವಾಗಿದ್ದವರಿಗೆ 5,000 ರೂಪಾಯಿ ಶುಲ್ಕ, ಆದಾಯ 5 ಲಕ್ಷದೊಳಗಿದ್ದರೆ 1,000. ಅದೂ ತಪ್ಪಿ ರಿಫಂಡ್ ಉಳಿದಿದ್ದರೆ 119(2)(ಬಿ) ಅಡಿ ವಿಳಂಬ ಮನ್ನಾಕ್ಕೆ ಅರ್ಜಿ ಹಾಕಬಹುದು. 2024ರ ಅಕ್ಟೋಬರ್ 1ರ 11ನೇ ಸುತ್ತೋಲೆಯಂತೆ ಆಯಾ ಅಸೆಸ್‌ಮೆಂಟ್ ವರ್ಷ ಮುಗಿದು ಐದು ವರ್ಷದವರೆಗೆ ಇದಕ್ಕೆ ಅವಕಾಶ ಇದೆ. ಸಾವು, ಅದರ ಹಿಂದಿನ ಆಸ್ಪತ್ರೆ ವಾಸದ ದಾಖಲೆಗಳನ್ನು ವಿಳಂಬದ ಕಾರಣವಾಗಿ ಲಗತ್ತಿಸಬಹುದು.

ಪ್ಯಾನ್ ಮಾತ್ರ ಕೊನೆಗೆ. ಬ್ಯಾಂಕಿನವರು, ಪರಿಚಯದ ಏಜೆಂಟರು ಮೊದಲ ವಾರವೇ "ಪ್ಯಾನ್ ಸರೆಂಡರ್ ಮಾಡಿಬಿಡಿ" ಎನ್ನುತ್ತಾರೆ. ರಿಟರ್ನ್ ಹಾಕಿ, ರಿಫಂಡ್ ಬಂದು, ಎಫ್‌ಡಿ, ಮ್ಯೂಚುವಲ್ ಫಂಡ್, ಡಿಮ್ಯಾಟ್ ಎಲ್ಲ ವರ್ಗಾವಣೆ ಆಗುವವರೆಗೆ ಅದು ಬೇಕು. ಆಮೇಲೆ ಅವರ ಅಸೆಸಿಂಗ್ ಆಫೀಸರ್‌ಗೆ ಮರಣ ಪ್ರಮಾಣ ಪತ್ರದೊಂದಿಗೆ ಒಂದು ಪತ್ರ ಬರೆದರೆ ಸಾಕು.